ಬಚ್ಚಿಟ್ಟ ಸಂತೋಷವೂ ವ್ರತಿಯ ಸಂಕಲ್ಪವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಿರಿಯರನ್ನು ಜನ್ಮದಿನ ಯಾವುದೆಂದು ಕೇಳಿದರೆ ಅನೇಕರು ಜೂನ್ 1 ಎನ್ನುತ್ತಾರೆ. ಇವರೆಲ್ಲರೂ ಒಂದೇ ದಿನ ಹುಟ್ಟಿದವರಲ್ಲವೆಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮಗುವನ್ನು ಶಾಲೆಗೆ ಕರೆತಂದ ತಂದೆಗೆ ತಾರೀಖು ತಿಳಿಯದು. 'ಕಾರಹುಣ್ಣಿಮೆಯ ಮರುದಿನ' ಎಂದೋ 'ಸೀಗೆಹುಣ್ಣಿಮೆಗೆ ಮೂರು ದಿನ ಮುಂಚೆ' ಎಂದೋ ಹೇಳಬಲ್ಲನು. ದಾಖಲೆಯ ಪುಸ್ತಕಕ್ಕೆ ತಾರೀಖೇ ಬೇಕು. ಶಾಲಾವರ್ಷ ಜೂನ್ ತಿಂಗಳಲ್ಲಿ ಆರಂಭವಾಗುತ್ತಿದ್ದುದರಿಂದ, ವಯಸ್ಸು ಸರಿಹೊಂದುವಂತೆ ಮಾಸ್ತರರು ಜೂನ್ 1 ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದರು. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನಡೆದ ಮಾತಿದು. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ವಂಚಿಸುವ ಬುದ್ಧಿಯಿಲ್ಲದೆ, ಮಗುವಿಗೆ ಅಕ್ಷರ ದೊರೆಯಲೆಂದು ಬರೆದ ಆ ಬರಹ ಕೂಟಲೇಖವಾದೀತೆ ಎಂಬುದು ಪ್ರತ್ಯೇಕವಾಗಿ ವಿಚಾರಿಸತಕ್ಕ ಪ್ರಶ್ನೆ. ಅದಂತಿರಲಿ.

ಈಗ ಆ ತಾರೀಖೇ ಮಕ್ಕಳ ಕೈಯಲ್ಲಿ ಹಬ್ಬವಾಗಿದೆ. ಬೆಂಗಳೂರಿನಲ್ಲಿ ನೆಲೆಸಿದ ಮಗನೋ ಮಗಳೋ ಊರಿನ ತಂದೆಯ ಎಪ್ಪತ್ತನೆಯ ವರ್ಷಕ್ಕೆ ಒಂದು ದಿನದ ವಿಹಾರವನ್ನು ಗೊತ್ತುಮಾಡುವುದು, ಅದನ್ನು ತಂದೆಗೆ ತಿಳಿಸದೆ ಇರುವುದು, ಕೊನೆಯಲ್ಲಿ ಆತನ ಮುಖದ ಮೇಲೆ ಮೂಡುವ ಬೆರಗನ್ನು ನೋಡಿ ಆನಂದಿಸುವುದು, ಇದಕ್ಕೆ ಸರ್‌ಪ್ರೈಸ್ ಎಂದು ಹೆಸರು. ಮಕ್ಕಳ ಪ್ರೀತಿಯನ್ನು ಅಲ್ಲಗಳೆಯುವ ಕಾರಣವಿಲ್ಲ. ದೂರವಿದ್ದೂ ತಂದೆಯನ್ನು ನೆನೆಯುವ ಮಕ್ಕಳು ಪುಣ್ಯದ ಫಲವೇ ಸರಿ. ಆದರೆ ಆ ತಂದೆ ವ್ರತಿಯಾಗಿದ್ದರೆ ಪ್ರಶ್ನೆ ಬೇರೆಯಾಗುತ್ತದೆ.

ಇಂಥದೊಂದು ಮನೆಯನ್ನು ಭಾವಿಸುವುದು ಕಷ್ಟವಲ್ಲ. ಕೊಪ್ಪಳದ ಶ್ರಾವಕನೊಬ್ಬನು ಗುರುಗಳ ಸನ್ನಿಧಿಯಲ್ಲಿ ರಾತ್ರಿಭೋಜನತ್ಯಾಗ, ಕಂದಮೂಲತ್ಯಾಗಗಳನ್ನು ಯಾವಜ್ಜೀವ ಸ್ವೀಕರಿಸಿದ್ದಾನೆ. ಮಹಾವೀರ ಜಯಂತಿಯಂದು ಒಂದು ವರ್ಷದ ಅವಧಿಗೆ ದೇಶಾವಕಾಶಿಕವನ್ನೂ ಹಿಡಿದು, ದಕ್ಷಿಣಕ್ಕೆ ತುಂಗಭದ್ರೆಯನ್ನೇ ಎಲ್ಲೆಯಾಗಿ ಇಟ್ಟುಕೊಂಡಿದ್ದಾನೆ. ಸಮಂತಭದ್ರಾಚಾರ್ಯರು ಮನೆ, ಗ್ರಾಮ, ಹೊಲ, ನದಿ, ಅಡವಿ, ಯೋಜನಗಳಿಂದ ಈ ಎಲ್ಲೆಯನ್ನೂ, ವರ್ಷ, ಋತು, ತಿಂಗಳು, ಪಕ್ಷಗಳಿಂದ ಕಾಲವನ್ನೂ ಗುರುತಿಸಬೇಕೆಂದು ರತ್ನಕರಂಡಕದಲ್ಲಿ ಹೇಳಿರುವುದು ಶ್ರಾವಕರಿಗೆ ಗೊತ್ತಿರುವ ವಿಷಯ. ನದಿಯ ಎಲ್ಲೆ ಒಳ್ಳೆಯ ಎಲ್ಲೆ. ಕತ್ತಲೆಯಲ್ಲಿಯೂ ಸೇತುವೆಯ ಸದ್ದಿನಿಂದ ಅದು ತಿಳಿಯುತ್ತದೆ. ಬೆಂಗಳೂರಿನ ಮಗನಿಗೆ ಈ ವ್ರತದ ಸುದ್ದಿ ಗೊತ್ತಿಲ್ಲ. ತಂದೆ ಹೇಳಿಲ್ಲ, ವ್ರತವನ್ನು ಸಾರಿಕೊಂಡು ತಿರುಗುವುದು ಮಾನಕಷಾಯವೆಂದು ಆತನ ಎಣಿಕೆ. ಮಗ ಕೇಳಿಲ್ಲ.

ಮಗನ ಯೋಜನೆ ಹೀಗಿದೆ: ಸೊಸೆಗೆ ಮೈಯಲ್ಲಿ ಹುಷಾರಿಲ್ಲ, ಕೂಡಲೆ ಹೊರಟು ಬರಬೇಕೆಂದು ದೂರವಾಣಿಯಲ್ಲಿ ತಿಳಿಸುವುದು. ಹುಬ್ಬಳ್ಳಿಯಿಂದ ಬರುವ ಹಂಪಿ ಎಕ್ಸ್‌ಪ್ರೆಸ್ ರೈಲನ್ನು ತಂದೆತಾಯಿಗಳು ರಾತ್ರಿ ಕೊಪ್ಪಳದಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ನಿಲ್ದಾಣದಲ್ಲಿ ಸೊಸೆಯೇ ಹೂಮಾಲೆ ಹಿಡಿದು ನಿಂತಿರುತ್ತಾಳೆ. ಅಲ್ಲಿಂದ ಚಿಕ್ಕಪೇಟೆಯ ಜಿನಮಂದಿರ, ಹೈದರಾಲಿಯ ಕಾಲದ ಲಾಲ್‌ಬಾಗ್, 1956ರಲ್ಲಿ ಪೂರ್ಣಗೊಂಡ ವಿಧಾನಸೌಧ, ನೆಲದ ಕೆಳಗೂ ಮೇಲೂ ಓಡುವ ಮೆಟ್ರೋ. ರಾತ್ರಿ ಎಂಟಕ್ಕೆ ದೀಪಾಲಂಕೃತ ಹೋಟೆಲಿನಲ್ಲಿ ಬಂಧುಗಳೆಲ್ಲ ಸೇರಿ ಊಟ, ಕೇಕು. (ದಿಗ್ವ್ರತದ ಅತಿಚಾರಗಳಲ್ಲಿ ಊರ್ಧ್ವವ್ಯತಿಕ್ರಮ, ಅಧೋವ್ಯತಿಕ್ರಮಗಳನ್ನು ಹೇಳಿದ ಉಮಾಸ್ವಾಮಿಗಳು ಮೆಟ್ರೋ ಕಂಡವರಲ್ಲ, ಬೆಟ್ಟ ಬಾವಿಗಳೇ ಅಲ್ಲಿಯ ಉದಾಹರಣೆಗಳು. ಆದರೂ ಸೂತ್ರ ಇದಕ್ಕೂ ಸಾಲುತ್ತದೆ.)

ಮೊದಲನೆಯದಾಗಿ ಆ ದೂರವಾಣಿಯ ಮಾತನ್ನು ವಿಚಾರಿಸಬೇಕು. ಪ್ರೀತಿಯಿಂದ ಆಡಿದ, ಕೆಲವೇ ತಾಸುಗಳಲ್ಲಿ ತಾನಾಗಿಯೇ ಬಯಲಾಗುವ ಸುಳ್ಳು ಸುಳ್ಳೆ? ಶ್ರಾವಕನು ಬಿಡತಕ್ಕದ್ದು ಸ್ಥೂಲವಾದ ಅಸತ್ಯವನ್ನಲ್ಲವೆ, ಇದು ಅಷ್ಟು ಸ್ಥೂಲವಲ್ಲವಲ್ಲ ಎಂದು ವಾದಿಸುವವರುಂಟು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅಸತ್ಯದ ಲಕ್ಷಣವನ್ನು ವಿವರಿಸುವಾಗ ಮಾತಿನ ವಿಷಯ ಇರುವುದೋ ಇಲ್ಲದ್ದೋ ಎಂಬುದನ್ನು ಮುಖ್ಯಮಾಡಲಿಲ್ಲ. ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತು ಅಪ್ರಶಸ್ತವಾದ ಮಾತು ಎಂದರು. ಆ ಅಳತೆಯನ್ನೇ ಇಲ್ಲಿ ಹಿಡಿಯಬೇಕು. ಸೊಸೆಗೆ ಹುಷಾರಿಲ್ಲವೆಂಬ ಸುದ್ದಿಯನ್ನು ಕೇಳಿದ ಕ್ಷಣದಿಂದ ಆ ಹಿರಿಯನ ಮನಸ್ಸಿನಲ್ಲಿ ಇಷ್ಟವಿಯೋಗದ ಆರ್ತಧ್ಯಾನ ತೊಡಗುತ್ತದೆ. ರೈಲಿನಲ್ಲಿ ರಾತ್ರಿಯೆಲ್ಲ ನಿದ್ರೆಯಿಲ್ಲ. ಣಮೋಕಾರವನ್ನು ಜಪಿಸುತ್ತಿದ್ದರೂ ಅದು ಸಮಭಾವದಿಂದ ಬಂದ ಜಪವಲ್ಲ, ಭಯದಿಂದ ಬಂದದ್ದು. ಬೆಳಿಗ್ಗೆ ಸುದ್ದಿ ಸುಳ್ಳೆಂದು ತಿಳಿದು ಎಲ್ಲರೂ ನಗುತ್ತಾರೆ. ಆದರೆ ರಾತ್ರಿ ಆದ ಕರ್ಮಬಂಧ ಸುಳ್ಳಾಗುವುದಿಲ್ಲ. ದುಃಖದ ಕಾರಣ ಕಲ್ಪಿತ, ದುಃಖ ಕಲ್ಪಿತವಲ್ಲ. ಅಂಗಡಿಯಲ್ಲಿ ಹೆಚ್ಚಾಗಿ ಕೊಟ್ಟ ಹಣವನ್ನು ಮರಳಿ ಪಡೆದಂತೆ ಆ ಎಂಟು ತಾಸುಗಳ ಪರಿಣಾಮವನ್ನು ಮರಳಿ ಪಡೆಯುವ ಕ್ರಮವು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರದಲ್ಲಿ ಒಂದು ಪ್ರಸಂಗವುಂಟು. ದಿಗಂಬರ ಆಮ್ನಾಯಕ್ಕೆ ಅದು ಸಮ್ಮತವಲ್ಲವಾದರೂ ಇಲ್ಲಿ ಸ್ಮರಣೀಯವಾಗಿದೆ. ಗರ್ಭಸ್ಥನಾದ ವರ್ಧಮಾನನು ತನ್ನ ಚಲನೆಯಿಂದ ತಾಯಿಗೆ ನೋವಾಗದಿರಲೆಂದು ನಿಶ್ಚಲನಾದನು. ತಾಯಿ ತ್ರಿಶಲೆಯು ಗರ್ಭಕ್ಕೆ ಹಾನಿಯಾಯಿತೆಂದು ಬಗೆದು ಶೋಕಿಸಿದಳು. ಅದನ್ನು ಅರಿತ ಶಿಶು ಮತ್ತೆ ಚಲಿಸಿತು. ಅಲ್ಲಿ ಕರುಣೆಯಿಂದ ಮಾಡಿದ ಒಂದು ಮೌನವೂ ತಾಯಿಗೆ ಸಂಕಟವನ್ನು ತಂದಿತು. ಇನ್ನು ಮೋಜಿಗಾಗಿ ಕಟ್ಟಿದ ರೋಗದ ಕಥೆಯ ಮಾತೇನು?

ಹಾಗಾದರೆ ಹೇಳದೆ ಇರುವುದೆಲ್ಲ ಮಾಯೆಯೆ? ಅಲ್ಲ. ಗುಪ್ತದಾನವನ್ನು ಹಿರಿಯರು ಹೊಗಳಿದ್ದಾರೆ. ಕೊಟ್ಟವನ ಹೆಸರು ಮರೆಯಾದಷ್ಟೂ ಆತನ ಮಾನಕಷಾಯ ಕ್ಷೀಣಿಸುತ್ತದೆ. ಆದರೆ ಗುಪ್ತದಾನಕ್ಕೂ ಈ ಗುಟ್ಟಿನ ಹುಟ್ಟುಹಬ್ಬಕ್ಕೂ ಇರುವ ಅಂತರವನ್ನು ಗಮನಿಸಬೇಕು. ಗುಪ್ತದಾನದಲ್ಲಿ ಮಾಡಿದವನು ಕೊನೆಯವರೆಗೂ ಮರೆಯಲ್ಲಿರುತ್ತಾನೆ. ಪಡೆದವನ ಮುಖವನ್ನು ನೋಡುವ ಆಸೆಯನ್ನೂ ಬಿಟ್ಟಿರುತ್ತಾನೆ. ಇಲ್ಲಿ ಮಾಡಿದವನು ಪರದೆ ಸರಿಸಿ ಮುಂದೆ ಬರುವುದಕ್ಕಾಗಿಯೇ ಗುಟ್ಟನ್ನು ಕಾಯುತ್ತಾನೆ. ಆ ಮುಖದ ಚಿತ್ರವನ್ನೂ ತೆಗೆಯುತ್ತಾನೆ. ಅಂದಮಾತ್ರಕ್ಕೆ ಇದು ಪಾಪವೆನ್ನಲಾಗದು. ತಂದೆಯ ಹರ್ಷವನ್ನು ನೋಡಬಯಸುವುದು ಮನೆಮಂದಿಗೆ ಸಹಜವೇ. ಗುಟ್ಟಿನ ಸುಖದಲ್ಲಿ ಮಕ್ಕಳ ಪಾಲೂ ಇದೆಯೆಂಬುದನ್ನು ಮಾತ್ರ ಅವರು ಒಪ್ಪಿಕೊಳ್ಳಬೇಕು. 'ನಿಮಗಾಗಿಯೇ ಮಾಡಿದೆವು' ಎಂಬ ಮಾತು ಅರ್ಧ ಸತ್ಯ.

ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿದೆ. ರೈಲು ಮುನಿರಾಬಾದನ್ನು ಬಿಟ್ಟು ಹೊಸಪೇಟೆಯ ಕಡೆಗೆ ತುಂಗಭದ್ರೆಯನ್ನು ದಾಟುತ್ತದೆ. ಸೊಸೆಯ ಕಾಯಿಲೆಯ ಚಿಂತೆಯಲ್ಲಿ ಆ ಹಿರಿಯನು ತನ್ನ ಎಲ್ಲೆಯನ್ನು ತಿಳಿದೂ ಮೀರಿದ್ದಾನೆ. ಕರುಣೆಗಾಗಿ ಮೀರುತ್ತಿದ್ದೇನೆ, ಗುರುಗಳಲ್ಲಿ ಪ್ರಾಯಶ್ಚಿತ್ತ ಕೇಳುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದಾನೆ. ಬೆಳಿಗ್ಗೆ ನಿಲ್ದಾಣದಲ್ಲಿ ಹೂಮಾಲೆಯನ್ನು ಕಂಡಾಗ ಆತನಿಗೆ ಹೊಳೆಯುವ ಮೊದಲ ವಿಚಾರ ಯಾವುದು? ಮಕ್ಕಳು ಬೆರಗನ್ನು ನಿರೀಕ್ಷಿಸುತ್ತಾರೆ. ಆತನಿಗೆ ಕಾಣುವುದು ಆ ಸೇತುವೆ. ಯಾವ ಕಾರಣಕ್ಕಾಗಿ ವ್ರತವನ್ನು ಮುರಿದನೋ ಆ ಕಾರಣವೇ ಇರಲಿಲ್ಲ.

ದೋಷ ಯಾರದು? ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ಆಚಾರ್ಯರು ಹೇಳಿರುವುದು ಇಂಥ ಕಡೆಯಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಹೋದವನು ತಂದೆ, ಹೋಗುವಂತೆ ಮಾಡಿದವನು ಮಗ, ಗೊತ್ತಿದ್ದೂ ಸುಮ್ಮನಿದ್ದವರು ಉಳಿದ ಬಂಧುಗಳು. ಶ್ವೇತಾಂಬರರ ಪ್ರತ್ಯಾಖ್ಯಾನಗಳಲ್ಲಿ ಅನಾಭೋಗ, ಸಹಸಾಕಾರ ಎಂಬ ವಿನಾಯಿತಿಗಳಿವೆ. ಅರಿಯದೆ ಅಥವಾ ಹಠಾತ್ತಾಗಿ ಆದದ್ದರಿಂದ ವ್ರತ ಭಂಗವಾಗದೆಂದು ಅವುಗಳ ಅಭಿಪ್ರಾಯ. ಹಠಾತ್ತೆಂಬುದು ತಂದೆಯ ಪಾಲಿಗೆ ಒಂದಿಷ್ಟು ಸಲ್ಲಬಹುದು. ಒಂದು ತಿಂಗಳ ಮೊದಲೇ ಟಿಕೆಟ್ ಕಾದಿರಿಸಿದ ಮಗನಿಗೆ ಅದು ಸಲ್ಲುವುದಾದರೂ ಹೇಗೆ?

ವ್ರತವೆಂದರೆ ನಾಳೆಯ ತನ್ನನ್ನು ಇಂದಿನ ತಾನು ಕಟ್ಟುವ ಕೆಲಸ. ಗುಟ್ಟಿನ ಯೋಜನೆಯೆಂದರೆ ನಾಳೆಯ ಇನ್ನೊಬ್ಬನನ್ನು ಇಂದಿನ ತಾನು ಕಟ್ಟುವ ಕೆಲಸ. ಎರಡೂ ಮುಂಚಿತವಾಗಿಯೇ ಮಾಡಿದ ನಿಶ್ಚಯಗಳು. ಆದ್ದರಿಂದಲೇ ಅವು ಒಂದನ್ನೊಂದು ಡಿಕ್ಕಿ ಹೊಡೆಯುತ್ತವೆ. ವ್ರತವಿಲ್ಲದವನ ದಿನವು ಬಯಲು, ಅಲ್ಲಿ ಯಾರು ಬೇಕಾದರೂ ಚಪ್ಪರ ಹಾಕಬಹುದು. ವ್ರತಿಯ ದಿನ ಬೇಲಿ ಹಾಕಿದ ಹೊಲ. ಅದರೊಳಗೆ ಏನು ಬಿತ್ತಿದೆಯೆಂದು ಕೇಳದೆ ನುಗ್ಗುವಂತಿಲ್ಲ. ಜೂನ್ 1ರ ತಾರೀಖು ತಿಥಿಯನ್ನು ನೋಡಿ ಬರುವುದಿಲ್ಲವಷ್ಟೆ. 2015ರ ಜೂನ್ 1 ಜ್ಯೇಷ್ಠ ಶುದ್ಧ ಚತುರ್ದಶಿಯಾಗಿತ್ತು, ಮರುದಿನ ಕಾರಹುಣ್ಣಿಮೆ. ಪ್ರೋಷಧೋಪವಾಸದ ನಿಯಮವುಳ್ಳ ಹಿರಿಯನನ್ನು ಅಂಥ ದಿನ ಹೋಟೆಲಿಗೆ ಕರೆದೊಯ್ದು ಕೂಡಿಸಿದರೆ ಆತನಿಗಾಗುವ ಇಕ್ಕಟ್ಟನ್ನು ಬಣ್ಣಿಸಬೇಕಾಗಿಲ್ಲ.

ಅಂಥ ಚತುರ್ದಶಿ ಅಲ್ಲದಿದ್ದರೂ ಎಂಟು ಗಂಟೆಯ ಊಟವೊಂದಿದೆ. ಜೂನ್ ಆರಂಭದಲ್ಲಿ ಬೆಂಗಳೂರಿನ ಸೂರ್ಯಾಸ್ತ ಆರೂಮುಕ್ಕಾಲರ ಸುಮಾರಿಗೆ ಆಗುತ್ತದೆ. ಅದಕ್ಕೆ ಎರಡು ಘಳಿಗೆ ಮೊದಲು ಶ್ರಾವಕನ ಊಟ ಮುಗಿದಿರಬೇಕು. ನಗರದ ವಾಹನಸಂದಣಿಯಲ್ಲಿ ಐದಕ್ಕೆ ಮುಟ್ಟುವೆವೆಂದವರು ಏಳಕ್ಕೆ ಮುಟ್ಟುವುದು ಹೊಸದಲ್ಲ. ಇಪ್ಪತ್ತು ಮಂದಿ ಬಂಧುಗಳು ಕೈತಟ್ಟುತ್ತ ನಿಂತಿದ್ದಾರೆ. ಮೇಣದ ಬತ್ತಿಗಳನ್ನು ಊದಿ ಆರಿಸಬೇಕಂತೆ. (ದೀಪ ಹಚ್ಚಿ ಶುಭಾರಂಭ ಮಾಡುವ ನಾಡಿನಲ್ಲಿ ದೀಪ ಆರಿಸಿ ಹಬ್ಬಮಾಡುವ ಈ ಪದ್ಧತಿ ಹೇಗೆ ಹೊಕ್ಕಿತೋ!) ಮೊಮ್ಮಗು ಕೇಕಿನ ತುಂಡೊಂದನ್ನು ಬಾಯಿಯ ಬಳಿ ತರುತ್ತದೆ. ಒಂದೇ ತುಂಡು, ಇವತ್ತೊಂದು ದಿನ, ಮೊಟ್ಟೆ ಹಾಕಿಲ್ಲ ಎನ್ನುತ್ತಾರೆ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯವೂ ಹೀಗೆಯೇ ಇತ್ತು. ಜೀವವುಳ್ಳ ಕೋಳಿ ಬೇಡ, ಹಿಟ್ಟಿನ ಕೋಳಿಯಾದರೂ ಇರಲಿ ಎಂಬುದಕ್ಕೆ ಮಗ ಒಪ್ಪಿದನು. ಅವರು ತೊಳಲಿದ ಭವಗಳ ಕಥೆ ಎಲ್ಲರಿಗೂ ಗೊತ್ತು. ಹೋಲಿಕೆ ಅತಿಯಾಯಿತೆನ್ನಬಹುದು, ಕೇಕಿನ ತುಂಡಿನಲ್ಲಿ ಸಂಕಲ್ಪಹಿಂಸೆಯಿಲ್ಲ. ಆದರೆ ಒತ್ತಾಯದ ದಾರಿ ಒಂದೇ. ವೈರಿ ಹೇಳಿದರೆ ಬಿಡದ ವ್ರತವನ್ನು ಮನುಷ್ಯನು ಪ್ರೀತಿಪಾತ್ರರು ಹೇಳಿದರೆ ಬಿಡುತ್ತಾನೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಲಘುವಾಗಿ ಕಾಣಬಾರದು. ಮನೆಯ ಹಿರಿಯನೊಬ್ಬನ ವ್ರತಗಳು ಉಳಿದವರ ಪಾಲಿಗೆ ಕಟ್ಟಳೆಗಳಾಗಬಾರದು. ಯಾವುದಕ್ಕೂ ಒಲ್ಲೆನೆಂಬ ತಂದೆಯ ಮುಂದೆ ಮಕ್ಕಳು ತಮ್ಮ ಪ್ರೀತಿಯನ್ನು ಎಲ್ಲಿಡಬೇಕು? ಕೊಡುವವನಿಗೆ ಹೇಗೋ ಹಾಗೆ ಪಡೆಯುವವನಿಗೂ ವಿನಯ ಬೇಕು. ಸಮಂತಭದ್ರರು ಯಮ, ನಿಯಮ ಎಂದು ಎರಡು ಬಗೆಯನ್ನು ಹೇಳಿದ್ದಾರೆ. ಜೀವವಿರುವವರೆಗಿನದು ಯಮ, ಕಾಲಮಿತಿಯುಳ್ಳದ್ದು ನಿಯಮ. ರಾತ್ರಿಭೋಜನತ್ಯಾಗ ಈ ಹಿರಿಯನಿಗೆ ಯಮ, ಅದನ್ನು ಯಾರೂ ಅಲುಗಿಸುವಂತಿಲ್ಲ. ತುಂಗಭದ್ರೆಯ ಎಲ್ಲೆ ನಿಯಮ. ಮಹಾವೀರ ಜಯಂತಿಗೆ ಮೊದಲು ಮಕ್ಕಳ ಅಪೇಕ್ಷೆ ತಿಳಿದಿದ್ದರೆ ಆತನೇ ಅದನ್ನು ಬೇರೆಯಾಗಿ ಗೊತ್ತುಮಾಡಿಕೊಳ್ಳುತ್ತಿದ್ದನು. ಹಾಗಾಗಲಿಲ್ಲವೆಂಬುದರಲ್ಲಿ ತಂದೆಯ ಮೌನದ ಪಾಲೂ ಇದೆ. ವ್ರತವನ್ನು ಸಾರುವುದು ಬೇಡ, ಮನೆಯವರಿಗೆ ತಿಳಿಸುವುದು ಸಾರಿದಂತಲ್ಲ.

ಕೊಪಣತೀರ್ಥದ ಹೆಸರು ಹೇಳುವವರು ಇನ್ನೊಂದನ್ನೂ ನೆನೆಯಬೇಕು. ಈ ಊರು ಪ್ರಾಚೀನ ಕಾಲದಲ್ಲಿ ಮಹಾತೀರ್ಥವೆನಿಸಿತ್ತು. ಸಲ್ಲೇಖನಕ್ಕೆ ಮೊದಲು ಸಾಧಕನು ಬಂಧುಗಳಲ್ಲಿ ಕ್ಷಮೆ ಕೇಳಿ, ತಾನು ಮಾಡಿದ, ಮಾಡಿಸಿದ, ಒಪ್ಪಿದ ಪಾಪಗಳನ್ನೆಲ್ಲ ಕಪಟವಿಲ್ಲದೆ ಆಲೋಚಿಸಬೇಕೆಂಬುದು ವಿಧಿ. ಅಲ್ಲಿ ಯಾರಿಗೂ ಯಾವುದೂ ಅನಿರೀಕ್ಷಿತವಾಗಿರುತ್ತಿರಲಿಲ್ಲ.

ಇಷ್ಟಾದ ಮೇಲೆ ಮಕ್ಕಳು ಮಾಡಬೇಕಾದದ್ದು ಏನು? ಮರೆಮಾಡತಕ್ಕದ್ದನ್ನೂ ಮರೆಮಾಡಬಾರದ್ದನ್ನೂ ಬೇರ್ಪಡಿಸಿದರೆ ತೊಡಕು ಬಹುಮಟ್ಟಿಗೆ ಬಿಡುತ್ತದೆ. 'ಜೂನ್ 1ರಂದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ನಿಮ್ಮ ದಿನವನ್ನು ನಮಗೆ ಕೊಡುವಿರಾ? ನಿಮ್ಮ ಎಲ್ಲೆ ಎಲ್ಲಿಯವರೆಗಿದೆ?' ಎಂದು ಎರಡು ಪ್ರಶ್ನೆಗಳನ್ನು ಕೇಳಿಬಿಟ್ಟರೆ ಕ್ಷೇತ್ರವೂ ಕಾಲವೂ ತಂದೆಗೆ ತಿಳಿದವು, ಸಂಕಲ್ಪ ಆತನದಾಯಿತು. ಆ ಬೇಲಿಯೊಳಗೆ ಯಾರು ಬರುತ್ತಾರೆ, ಏನು ನಡೆಯುತ್ತದೆ ಎಂಬುದು ಗುಟ್ಟಾಗಿಯೇ ಇರಲಿ. ಎಲ್ಲೆ ತುಂಗಭದ್ರೆಯೇ ಆದರೆ ಬೆಂಗಳೂರಿನ ಆಸೆಯನ್ನು ಬಿಟ್ಟು ಮಗನೇ ರಾತ್ರಿಯ ರೈಲು ಹತ್ತಿ ಹೇಳದೆ ಕೊಪ್ಪಳಕ್ಕೆ ಬರಬಹುದು. ಎಲ್ಲೆಯ ಹೊರಗಿನದನ್ನು ವ್ರತಿಯೇ ತರಿಸಿಕೊಂಡರೆ ಆನಯನವೆಂಬ ಅತಿಚಾರ. ತಾನಾಗಿ ಬಂದ ಮಗನಿಂದ ಆ ದೋಷವಿಲ್ಲ. ಬಿಸಿಲೇರುವ ಮುನ್ನ ಕೈಹಿಡಿದು ಪಾಲ್ಕಿಗುಂಡುವಿನ ಬೆಟ್ಟಕ್ಕೆ ಕರೆದೊಯ್ದು, ವರಾಂಗಚರಿತದ ಕರ್ತೃವಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಮೊಮ್ಮಕ್ಕಳಿಗೆ ತೋರಿಸಬಹುದು. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೂ ಅಲ್ಲಿದೆ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಅದೇ ಬೆರಗು. ಮನೆಯ ತಾಯಿಗೆ ಮಾತ್ರ ಹಿಂದಿನ ದಿನವೇ ತಿಳಿಸಿರಬೇಕು. ಐದಾರು ಮಂದಿಗೆ ಹೆಚ್ಚಾಗಿ ನೀರು ಸೋಸಿ ಕಾಯಿಸಿಡುವ ಕೆಲಸ ಅವಳ ಪಾಲಿನದು.