ವರ ಕೊಟ್ಟವರ ಪಾಡು

ಹರಿಹರದ ಹರಿಹರೇಶ್ವರ ಗುಡಿಯ ಸ್ಥಳಪುರಾಣ ನಿಮಗೆ ಗೊತ್ತಿರಬಹುದು. ಗುಹಾಸುರ ಅಂತ ಒಬ್ಬ ರಾಕ್ಷಸ. ತಪಸ್ಸು ಮಾಡಿ ಬ್ರಹ್ಮನ ಹತ್ತಿರ ವರ ತಗೊಂಡ: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು. ಬ್ರಹ್ಮ ಆಗಲಿ ಅಂದ. ಆಮೇಲೆ ತುಂಗಭದ್ರೆ ದಡದ ಆ ಕಾಡಲ್ಲಿ ಇದ್ದವರ ಬದುಕು ನರಕ. ದೂರು ಹೋಯ್ತು. ಹರಿ ಬಂದರೂ ಪ್ರಯೋಜನ ಇಲ್ಲ, ಹರ ಬಂದರೂ ಇಲ್ಲ. ಕೊನೆಗೆ ಇಬ್ಬರೂ ಸೇರಿ ಒಂದೇ ಮೈಯಾಗಿ ಬಂದು ಅವನ ಕತೆ ಮುಗಿಸಿದರು. ಬಲಗಡೆ ಹರ, ಎಡಗಡೆ ಹರಿ. ಗರ್ಭಗುಡಿಯಲ್ಲಿ ಇರೋದು ಆ ರೂಪವೇ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. 1268ರಲ್ಲಿ ಸೋಮ ದಂಡನಾಯಕ, ಅದೇ ಸೋಮನಾಥಪುರ ಕಟ್ಟಿಸಿದವನು, ಇನ್ನಷ್ಟು ಸೇರಿಸಿದ.

ಇದನ್ನ ಶೈವ-ವೈಷ್ಣವ ಸಾಮರಸ್ಯದ ಕತೆ ಅಂತ ಹೇಳ್ತಾರೆ. ಇರಲಿ, ಅದು ಸರಿಯೇ. ಆದರೆ ದಿನವಿಡೀ ಕೋಡ್ ಬರೆಯೋ ನನಗೆ ಅದು ಮೊದಲು ರೂಲ್ಸ್ ಕತೆಯಾಗಿ ಕಾಣುತ್ತೆ. ಒಬ್ಬ ರೂಲ್ ಬರೆದ, ಇನ್ನೊಬ್ಬ ಅದರಲ್ಲಿ ಸಂದು ಹುಡುಕಿದ, ಏಟು ತಿಂದವರು ಮೂರನೆಯವರು. ಹಂಗಾದರೆ ರಿಪೇರಿ ಯಾರು ಮಾಡಬೇಕು, ಯಾರ ಖರ್ಚಲ್ಲಿ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ದಾವಣಗೆರೆಯ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ, ನರ್ಗಿಸ್ ಮಂಡಕ್ಕಿ ಪೊಟ್ಟಣದ ಸುತ್ತ ಕೂತು ಆಟ ಆಡುವಾಗ.

ಆಟ ಯಾವುದು ಅಂದ್ರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಜಾತಿಯದ್ದು. ಸ್ಟ್ರೇಂಜರ್ ಥಿಂಗ್ಸ್ ನೋಡಿದವರಿಗೆ ಗೊತ್ತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಬೋರ್ಡ್ ಇರಲೇಬೇಕು ಅಂತೇನಿಲ್ಲ. ಕಾಗದ, ಪೆನ್ಸಿಲ್, ಇಪ್ಪತ್ತು ಮುಖದವರೆಗಿನ ದಾಳಗಳು, ಉಳಿದದ್ದೆಲ್ಲ ಮಾತು. ಒಬ್ಬ ಗೇಮ್ ಮಾಸ್ಟರ್ ಕತೆಯ ಲೋಕವನ್ನ ನಡೆಸ್ತಾನೆ, ಉಳಿದವರು ತಲಾ ಒಂದು ಪಾತ್ರ. ಪುಸ್ತಕದ ರೂಲ್ಸ್ ಹಿಡಿಸದಿದ್ದರೆ ನಾವೇ ಮಾಡ್ಕೋಬಹುದು. ಅದಕ್ಕೆ ಹೋಮ್‌ಬ್ರೂ ಅಂತಾರೆ. ಇದೇನು ಫಾರಿನ್ ಐಡಿಯಾ ಅಲ್ಲ ಬಿಡಿ. ನಮ್ಮೂರಲ್ಲಿ ಚೌಕಾಬಾರಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಕಟ್ಟಳೆ. ನಮ್ಮ ಮನೇಲಿ ಎದುರಾಳಿಯ ಒಂದು ಕಾಯಿನಾದರೂ ಹೊಡೆಯದೆ ಒಳಸುತ್ತಿಗೆ ಹೋಗೋ ಹಂಗಿಲ್ಲ, ಅತ್ತೆ ಮನೇಲಿ ಹೋಗಬಹುದು. ಅದಕ್ಕೇ ಕವಡೆ ಕೈಗೆ ತಗೊಳ್ಳೋ ಮುಂಚೆ ಕೇಳೋ ಮೊದಲ ಪ್ರಶ್ನೆ, "ನಿಮ್ಮಲ್ಲಿ ಹೆಂಗ್ ಆಡ್ತೀರಿ?"

ನಮ್ಮ ಗೇಮ್ ಮಾಸ್ಟರ್ ಅಪ್ಪನ ಬಟ್ಟೆ ಅಂಗಡಿ ನೋಡ್ಕೊಳ್ಳೋ ಗೆಳೆಯ. ಅವನಿಗೆ ಪುಸ್ತಕದ ಮಾಯಾವಿದ್ಯೆ ಹಿಡಿಸಲಿಲ್ಲ. ಹಳೆ ಪದ್ಧತಿಯಲ್ಲಿ ಮಾಂತ್ರಿಕ ಬೆಳಗ್ಗೆ ಮಂತ್ರ ನೆನಪಿಟ್ಟುಕೊಳ್ತಾನೆ, ಒಂದು ಸಲ ಪ್ರಯೋಗಿಸಿದರೆ ಅದು ತಲೆಯಿಂದ ಅಳಿಸಿಹೋಗುತ್ತೆ. ಜ್ಯಾಕ್ ವ್ಯಾನ್ಸ್ ಅನ್ನೋ ಲೇಖಕನ ಕತೆಗಳಿಂದ ಬಂದ ಐಡಿಯಾ ಅದು. "ಮಂತ್ರ ಮರೆತುಹೋಗೋಕೆ ಎಲ್ಲರೂ ಕರ್ಣ ಏನಲೇ?" ಅಂತ ಇವನ ತಕರಾರು. ಅದಕ್ಕೆ ತಾನೇ ಒಂದು ಪದ್ಧತಿ ಮಾಡಿದ. ಮಾಂತ್ರಿಕನಿಗೆ ದಿನಕ್ಕೆ ಹತ್ತು ಉಸಿರು. ಸಣ್ಣ ಮಂತ್ರಕ್ಕೆ ಒಂದು ಉಸಿರು ಖರ್ಚು, ದೊಡ್ಡದಕ್ಕೆ ಐದಾರು. ಉಸಿರು ಮುಗಿದ ಮೇಲೂ ಮಂತ್ರ ಬೇಕು ಅಂದ್ರೆ ಮೈಯಿಂದ ಕೊಡಬೇಕು: ಒಂದು ಉಸಿರಿಗೆ ಎರಡು ಜೀವ ಅಂಕ. ಕೇಳೋಕೆ ಚೆಂದ. ಶಕ್ತಿಗೆ ಬೆಲೆ ಇರಬೇಕು, ಆ ಬೆಲೆ ಪ್ರಯೋಗಿಸಿದವನ ಮೈಗೇ ತಟ್ಟಬೇಕು ಅನ್ನೋದು ಅವನ ಆಸೆ. ಒಳ್ಳೆ ಆಸೆಯೇ.

ಮೂರನೇ ವಾರ ನಮ್ಮ ಮಾಂತ್ರಿಕ ಸಂದು ಹಿಡಿದ. ಅವನು ಕಂಪನಿಯಲ್ಲಿ ಮಾಡೋದು ಟೆಸ್ಟಿಂಗ್, ಹುಟ್ಟುಗುಣ. ಗಾಯ ವಾಸಿ ಮಾಡೋ ಸಣ್ಣ ಮಂತ್ರಕ್ಕೆ ಒಂದು ಉಸಿರು. ಅದು ಕೊಡೋದು ಎಂಟು ಮುಖದ ದಾಳದ ಮೇಲೆ ಬಿದ್ದದ್ದು ಪ್ಲಸ್ ಮೂರು, ಅಂದರೆ ಸರಾಸರಿ 7.5 ಜೀವ ಅಂಕ. ಉಸಿರಿಗೆ ಮೈಯಿಂದ ಕೊಡೋದು ಬರೀ 2. ಎರಡು ಕೊಟ್ಟು ಏಳೂವರೆ ತಗೋ, ಪ್ರತಿ ಸುತ್ತಿಗೂ ಐದೂವರೆ ಲಾಭ. ನಿಲ್ಲಿಸೋಕೆ ಕಾರಣವೇ ಇಲ್ಲ. ಅವನು ಒಬ್ಬನೇ ಇಡೀ ಗುಂಪಿನ ಗಾಯ ಎಷ್ಟು ಸಲ ಬೇಕಾದರೂ ವಾಸಿ ಮಾಡಬಹುದು. ಇಂಥ ರೂಲ್ಸ್ ಬರೆಯೋರು ಮೊದಲು ನೋಡಬೇಕಾದ್ದು ಇದನ್ನೇ: ಒಂದರಿಂದ ಇನ್ನೊಂದಕ್ಕೆ, ಅದರಿಂದ ವಾಪಸ್ ಮೊದಲಿನದಕ್ಕೆ ಬದಲಾಯಿಸ್ತಾ ಸುತ್ತಿ ಬಂದರೆ ಕೈಯಲ್ಲಿ ಕಮ್ಮಿ ಉಳಿಯಬೇಕು. ಜಾಸ್ತಿ ಉಳಿದರೆ ಅದು ನೋಟು ಅಚ್ಚು ಹಾಕೋ ಮಿಷನ್ನು.

ಈಗ ಗೇಮ್ ಮಾಸ್ಟರ್ ಏನು ಮಾಡಬೇಕು? ಪುರಾಣಗಳಲ್ಲಿ ಇದಕ್ಕೆ ಒಂದು ಕೈಪಿಡಿಯೇ ಇದೆ.

ಒಂದು, ಹಿರಣ್ಯಕಶಿಪು ದಾರಿ. ಮನುಷ್ಯನಿಂದ ಬೇಡ, ಪ್ರಾಣಿಯಿಂದ ಬೇಡ, ಒಳಗೆ ಬೇಡ, ಹೊರಗೆ ಬೇಡ, ಹಗಲು ಬೇಡ, ಇರುಳು ಬೇಡ ಅಂತ ಅವನು ಪಟ್ಟಿ ಕೊಟ್ಟ. ಪಟ್ಟಿಯಲ್ಲಿ ಇಲ್ಲದ ಮುಸ್ಸಂಜೆ, ಪಟ್ಟಿಯಲ್ಲಿ ಇಲ್ಲದ ಹೊಸ್ತಿಲು ಹುಡುಕಿ ನರಸಿಂಹ ಬಂದ. ಸಂದಿಗೆ ಪ್ರತಿಸಂದು. ಇನ್ನೊಂದು ಭಸ್ಮಾಸುರನ ದಾರಿ: ಅವನ ಕೈ ಅವನ ತಲೆ ಮೇಲೇ ಇಡಿಸೋದು. ಮೂರನೆಯದು ಕುಂಭಕರ್ಣನದ್ದು. ಇಂದ್ರಾಸನ ಕೇಳೋಕೆ ಹೋದವನ ನಾಲಿಗೆ ತಿರುಚಿ ನಿದ್ರಾಸನ ಅನ್ನಿಸಿದರು ಅಂತ ಜನ ಹೇಳ್ತಾರಲ್ಲ, ಅದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋರಿಗೆ ಈ ಕೊನೆಯದು ಬಹಳ ಪ್ರಿಯ. ಅದರಲ್ಲಿ ವಿಶ್ ಅನ್ನೋ ಒಂಬತ್ತನೇ ಮಟ್ಟದ ಮಂತ್ರ ಇದೆ, ಬಾಯಲ್ಲಿ ಕೇಳಿದ್ದು ಆಗುತ್ತೆ. ಕೇಳಿದವನ ಮಾತನ್ನೇ ತಿರುಚಿ ಅವನಿಗೆ ಉಲ್ಟಾ ಹೊಡೆಸೋದು ಎಷ್ಟೋ ಗೇಮ್ ಮಾಸ್ಟರ್‌ಗಳಿಗೆ ಒಂದು ಮಜಾ. 2014ರ ಐದನೇ ಆವೃತ್ತಿಯ ಪುಸ್ತಕ ಮಾತ್ರ ಮೊದಲೇ ಎಚ್ಚರಿಕೆ ಕೊಡುತ್ತೆ: ಬೇರೆ ಮಂತ್ರದ ನಕಲು ಬಿಟ್ಟು ಇನ್ನೇನಾದರೂ ಕೇಳಿದರೆ, ಮತ್ತೆಂದೂ ವಿಶ್ ಪ್ರಯೋಗಿಸೋಕೆ ಆಗದಿರೋ ಸಾಧ್ಯತೆ ನೂರಕ್ಕೆ 33. ಕೋರಿಕೆ ದೊಡ್ಡದಾದಷ್ಟೂ ಎಡವಟ್ಟಾಗೋ ಸಾಧ್ಯತೆ ದೊಡ್ಡದು ಅಂತಲೂ ಬರೆದಿದೆ. ಗೊತ್ತಿದ್ದೂ ಕೇಳಿದರೆ ಅದು ಅವನ ಜೂಜು. ಅದರಲ್ಲಿ ಮೋಸ ಇಲ್ಲ. ಗೊತ್ತಿಲ್ಲದವನ ನಾಲಿಗೆ ತಿರುಚೋದು ನನಗೆ ಒಪ್ಪಿಗೆ ಇಲ್ಲ.

ಈ ಮೂರೂ ದಾರಿಗಳಲ್ಲಿ ಸಂದು ಹುಡುಕಿದವನು ರಾಕ್ಷಸ. ಅವನನ್ನ ಯಾಮಾರಿಸಿದರೆ ಯಾರಿಗೂ ಬೇಜಾರಿಲ್ಲ. ನಮ್ಮ ಎದುರಿಗೆ ಕೂತವನು ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಒಂದೇ ಬಕೆಟ್ ಹಂಚಿಕೊಂಡ ಗೆಳೆಯ. ಅವನು ಕದ್ದಿಲ್ಲ, ದಾಳ ತಿರುಗಿಸಿಟ್ಟಿಲ್ಲ. ಬರೆದುಕೊಟ್ಟದ್ದನ್ನ ನಮಗಿಂತ ಗಮನ ಕೊಟ್ಟು ಓದಿದ. ಅದಕ್ಕೆ ಶಿಕ್ಷೆ ಕೊಟ್ಟರೆ, ಇನ್ಮೇಲೆ ರೂಲ್ಸ್ ಓದಬೇಡಿ ಅಂದಂಗೆ.

ಆಟದ ಮಂದಿ ರೂಲ್ ಝೀರೋ ಅಂತ ಒಂದನ್ನ ಹೇಳ್ತಾರೆ: ಗೇಮ್ ಮಾಸ್ಟರ್ ಹೇಳಿದ್ದೇ ಕೊನೆ, ಯಾವ ರೂಲನ್ನೂ ಅವನು ಪಕ್ಕಕ್ಕಿಡಬಹುದು. "ಇದು ನಡೆಯಲ್ಲ" ಅಂತ ಅಲ್ಲೇ ಮುಗಿಸಬಹುದಿತ್ತು. ಸುಲಭ. ಆದರೆ ಮಾಂತ್ರಿಕ ತನ್ನ ಪಾತ್ರವನ್ನ ಆ ರೂಲ್ ನಂಬಿಕೊಂಡು ಕಟ್ಟಿದ್ದ, ಬೇರೆ ಮಂತ್ರಗಳನ್ನ ಬಿಟ್ಟು ಅದನ್ನ ಆರಿಸಿದ್ದ. ಕೊಟ್ಟ ಮಾತು ಅನುಕೂಲ ಇದ್ದಾಗ ಮಾತ್ರ ಮಾತು ಅಂತಾದರೆ, ಮುಂದಿನ ವಾರ ಯಾರು ಏನನ್ನ ನಂಬಿ ಯೋಜನೆ ಹಾಕ್ತಾರೆ? ಬ್ರಹ್ಮನಿಗೂ ರೂಲ್ ಝೀರೋ ಇತ್ತು ಅಂತ ಇಟ್ಕೊಳ್ಳಿ. ಅವನು ಅದನ್ನ ಬಳಸಲಿಲ್ಲ.

ಇಷ್ಟರ ತನಕ ನಾವು ಮೂವರು ಗಂಡಸರು ಕೊಟ್ಟ ಮಾತು, ನ್ಯಾಯ ಅಂತ ಮುಕ್ಕಾಲು ಗಂಟೆ ವಾದ ಮಾಡಿದ್ವಿ. ನಾಲ್ಕನೆಯವಳು ಹರಿಹರದಿಂದ ಬಸ್ಸಲ್ಲಿ 14 ಕಿಲೋಮೀಟರ್ ಬಂದವಳು, ಅವಳದ್ದು ಯೋಧೆಯ ಪಾತ್ರ. ಯೋಧೆಯ ಕೆಲಸ ಮುಂದೆ ನಿಂತು ಏಟು ತಿನ್ನೋದು, ಉಳಿದವರನ್ನ ಕಾಯೋದು. ಏಟಿಗೆ ಬೆಲೆಯೇ ಇಲ್ಲದ ಮೇಲೆ ಅವಳ ಕೆಲಸಕ್ಕೂ ಬೆಲೆ ಇಲ್ಲ. ಅವಳು ಮಂಡಕ್ಕಿ ಖಾಲಿ ಮಾಡಿ ಅಂದಳು: "ನಿಮ್ಮಿಬ್ಬರ ಅಗ್ರಿಮೆಂಟಲ್ಲಿ ನನ್ನ ಸೈನ್ ಎಲ್ಲೈತಿ? ಎರಡು ತಾಸಾಯ್ತು, ನನಗೆ ದಾಳ ಮುಟ್ಟೋ ಕೆಲಸ ಬಂದಿಲ್ಲ."

ನನಗೆ ಗುಹಾಸುರನ ಕತೆ ಪೂರ್ತಿ ಅರ್ಥ ಆದದ್ದು ಆ ಮಾತಿಂದ. ವರ ಅನ್ನೋದು ಬ್ರಹ್ಮ ಮತ್ತು ಅಸುರನ ನಡುವಿನ ಕರಾರು. ಆ ಕಾಡಿನವರನ್ನ ಯಾರೂ ಕೇಳಿರಲಿಲ್ಲ. ಮಾತು ಉಳಿಸಿಕೊಳ್ತೀನಿ ಅನ್ನೋ ಹೆಮ್ಮೆ ಕೊಟ್ಟವನದ್ದು, ಲಾಭ ಪಡೆದವನದ್ದು, ಬಿಲ್ಲು ಮಾತ್ರ ಪಕ್ಕದ ಮನೆಗೆ. ಮಾತು ಮುರಿದರೆ ಒಬ್ಬನಿಗೆ ಅನ್ಯಾಯ, ಉಳಿಸಿಕೊಂಡರೆ ಇನ್ನೊಬ್ಬರಿಗೆ. ಹರಿಹರದ ಮೂರ್ತಿ ಇದರಲ್ಲಿ ಯಾವುದನ್ನೂ ಆರಿಸಲಿಲ್ಲ. ಅಸುರನಿಗೆ ಕೊಟ್ಟ ಮಾತಿನ ಒಂದು ಅಕ್ಷರ ಅಳಿಸದೆ, ದೇವರೇ ತಮ್ಮ ರೂಪ ಬಿಟ್ಟುಕೊಟ್ಟರು, ಇಬ್ಬರೂ ಅರ್ಧರ್ಧ. ರಿಪೇರಿ ಖರ್ಚು ಮೇಲಿನವರ ಲೆಕ್ಕಕ್ಕೆ ಬಿತ್ತು. (ವರ ಕೊಟ್ಟದ್ದು ಬ್ರಹ್ಮ, ಅರ್ಧ ಮೈ ಕಳಕೊಂಡವರು ಹರಿ ಮತ್ತು ಹರ. ಡಿಸೈನ್ ಮಾಡಿದವರು ಬೇರೆ ಟೀಮಿಗೆ ಹೋದ ಮೇಲೆ ರಾತ್ರಿ ಎರಡಕ್ಕೆ ಆನ್‌ಕಾಲ್ ಫೋನ್ ಎತ್ತೋರಿಗೆ ಇದರ ಕಷ್ಟ ಗೊತ್ತು.)

ಗೇಮ್ ಮಾಸ್ಟರ್ ಏನು ಮಾಡಿದ ಹೇಳ್ತೀನಿ. ಹತ್ತು ನಿಮಿಷ ಕೆಳಗೆ ಅಂಗಡಿಗೆ ಹೋಗಿ ಬಂದ. "ಇವತ್ತು ನಡೀತದೆ, ಬರೆದಿದ್ದು ಬರೆದಂಗೆ" ಅಂದ. ಆಮೇಲೆ ತಾನು ಮೂರು ವಾರ ಕೂತು ಬರೆದಿದ್ದ ಕಾಡಿನ ಅಧ್ಯಾಯವನ್ನ, ಗಾಯದಿಂದ ನಿಧಾನಕ್ಕೆ ಸೋಲಿಸಬೇಕಿದ್ದ ಆ ಇಡೀ ಕಾಡನ್ನ, ಹರಿದು ಹಾಕಿದ. ಅದರ ಬದಲು ಅಲ್ಲೇ ಹೊಸೆದದ್ದು ಇದು: ಸೂರ್ಯ ಮುಳುಗೋದ್ರೊಳಗೆ ಕೋಟೆ ಬಾಗಿಲು ಮುಚ್ಚುತ್ತೆ, ಒಳಗೆ ಮಕ್ಕಳಿದ್ದಾರೆ. ಗಾಯ ವಾಸಿ ಮಾಡೋ ಪ್ರತಿ ಸುತ್ತಿಗೂ ಒಂದು ಸರದಿ ಖರ್ಚು. ಮಾಂತ್ರಿಕನ ಜೀವ ಅಂಕ ಎಷ್ಟಾದರೂ ತುಂಬಬಹುದು, ಹೊತ್ತು ತುಂಬೋಕೆ ಆಗಲ್ಲ. ಬಾಗಿಲು ಮುಚ್ಚದಂತೆ ಹೆಗಲು ಕೊಟ್ಟು ನಿಂತವಳು ಯೋಧೆ. ಅವಳು ಆವತ್ತು ಹನ್ನೊಂದು ಸಲ ದಾಳ ಹಾಕಿದಳು, ನಾನು ಲೆಕ್ಕ ಇಟ್ಟಿದ್ದೆ.

ರೂಲ್ ತಿದ್ದಿದ್ದು ಆಮೇಲೆ, ಮುಂದಿನ ಆಟಕ್ಕೆ ನಾಲ್ಕು ದಿನ ಮೊದಲು, ಎಲ್ಲರಿಗೂ ಒಟ್ಟಿಗೆ ತಿಳಿಸಿ. ಉಸಿರಿಗಾಗಿ ಮೈಯಿಂದ ಕೊಟ್ಟ ಜೀವ ನಿದ್ದೆಯಿಂದ ಮಾತ್ರ ವಾಪಸ್ ಬರುತ್ತೆ, ಮಂತ್ರದಿಂದ ಬರಲ್ಲ. ಒಂದೇ ಸಾಲು. ಮಾಂತ್ರಿಕ ಆರಿಸಿದ ಮಂತ್ರದ ಬದಲು ಬೇರೆ ಎರಡನ್ನ ತಗೊಳ್ಳೋಕೆ ಅವಕಾಶ. ಒಂದಕ್ಕೆ ಎರಡು ಯಾಕೆ ಅಂತ ನಾನು ಕೇಳಿದೆ. "ನನ್ನ ಹರಿದ ಬಟ್ಟೆ ವಾಪಸ್ ತಗೊಳ್ಳುವಾಗ ಗಿರಾಕಿಗೆ ಬಸ್ ಚಾರ್ಜೂ ಕೊಡಬೇಕು ಕಣೋ" ಅಂದ.

ಇದು ಬರೀ ಆಟ, ಇಷ್ಟೆಲ್ಲ ಯಾಕೆ ಅನ್ನಬಹುದು. ನಿಜ, ಯಾರೂ ಸಾಯಲ್ಲ. ಆದರೆ ಭಾನುವಾರದ ಮಧ್ಯಾಹ್ನಗಳು ನಿಜವಾದವು. ಮೂವತ್ತು ದಾಟಿದ ಮೇಲೆ ನಾಲ್ಕು ಜನ ಒಂದೇ ಕಡೆ ಸೇರೋದೇ ಕಷ್ಟ. ಅದರಲ್ಲಿ ಒಬ್ಬರು ಸುಮ್ಮನೆ ಕೂತು ಹೋಗೋದು ಎರಡು ಸಲ ಆದರೆ ಮೂರನೇ ಸಲ ಬಸ್ ಹತ್ತಲ್ಲ. ಬ್ಯಾಲೆನ್ಸ್ ಅಂದ್ರೆ ಎಲ್ಲರ ಅಂಕವೂ ಸಮ ಇರೋದು ಅಂತ ಲೆಕ್ಕ ಹಾಕೋರು ಇದ್ದಾರೆ. ನಾನು ನೋಡೋದು ಇಷ್ಟು: ಇವರಿಲ್ಲದಿದ್ದರೆ ಇವತ್ತಿನ ಕತೆ ಬೇರೆಯಾಗ್ತಿತ್ತು ಅಂತ ಪ್ರತಿಯೊಬ್ಬರ ಬಗ್ಗೆಯೂ ಹೇಳೋಕೆ ಆಗುತ್ತಾ? ಮಾಂತ್ರಿಕ ಹತ್ತು ಪಟ್ಟು ಬಲಶಾಲಿ ಆಗಿದ್ದರೂ ಅದು ಸಾಧ್ಯ. ಅಂಕ ಸಮ ಇದ್ದೂ ಅದು ಆಗದಿರಬಹುದು.

ಈಗ ಯೋಧೆಗೂ ಉಸಿರು ಕೊಡಬೇಕು ಅಂತ ಅವಳೇ ಎರಡು ಸಾಲಿನ ರೂಲ್ ಬರೆದು ತಂದಿದ್ದಾಳೆ. ಗೆಳೆಯನ ಪರವಾಗಿ ತಿಂದ ಪ್ರತಿ ಏಟಿಗೂ ಅರ್ಧ ಉಸಿರು, ಅದನ್ನ ಯಾರಿಗೆ ಬೇಕಾದರೂ ದಾಟಿಸಬಹುದು. ಟೆಸ್ಟಿಂಗ್‌ನವನು ಮೊನ್ನೆ ಬುಧವಾರವೇ ಫೋನ್ ಮಾಡಿದ: "ಲೇ, ನಾವಿಬ್ಬರೂ ಬೇಕಂತಲೇ ಒಬ್ಬರಿಗೊಬ್ಬರು ಮೆಲ್ಲಗೆ ಗುದ್ದಿಕೊಂಡರೆ?" ಭಾನುವಾರದ ತನಕ ಬಚ್ಚಿಟ್ಟುಕೊಳ್ಳಲಿಲ್ಲ. ಅರ್ಧ ಉಸಿರನ್ನ ಕಾಲು ಮಾಡಬೇಕಾ, ಗುದ್ದಿದವರು ಯಾರು ಅಂತ ನೋಡಬೇಕಾ ಅಂತ ಇನ್ನೂ ಮಾತಾಡ್ತಾ ಇದ್ದೀವಿ.