ಮಾಂಡವ್ಯ ಕೇಳಿದ ಲೆಕ್ಕ

ಮೌನವ್ರತದಲ್ಲಿದ್ದ ಮಾಂಡವ್ಯ ಮುನಿಯ ಆಶ್ರಮದಲ್ಲಿ ಕಳ್ಳರು ಮಾಲು ಬಚ್ಚಿಟ್ಟು ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಏನು ಕೇಳಿದರೂ ಮುನಿ ಬಾಯಿ ಬಿಡಲಿಲ್ಲ. ಕಳ್ಳರ ಜೊತೆ ಅವನನ್ನೂ ಶೂಲಕ್ಕೇರಿಸಿದರು. ಪ್ರಾಣ ಮಾತ್ರ ಹೋಗಲಿಲ್ಲ. ಮುಂದೆ ಆತ ಯಮಧರ್ಮನ ಸಭೆಗೇ ಹೋಗಿ, ಯಾವ ತಪ್ಪಿಗೆ ಈ ಶಿಕ್ಷೆ ಎಂದು ಕೇಳಿದ. ಎಳವೆಯಲ್ಲಿ ಹುಲ್ಲುಕಡ್ಡಿಯಿಂದ ಹುಳುಗಳನ್ನು ಚುಚ್ಚಿದ್ದಕ್ಕೆ ಎಂಬ ಉತ್ತರ ಬಂತು. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡನೆಯೇ ಎಂದು ಕೆರಳಿದ ಮುನಿ ಧರ್ಮದೇವತೆಯನ್ನೇ ಶಪಿಸಿದ. ಆ ಶಾಪದಿಂದ ಹುಟ್ಟಿದವನೇ ವಿದುರ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಾಗದು ಎಂಬ ಕಟ್ಟಳೆಯನ್ನೂ ಮಾಂಡವ್ಯನೇ ಹಾಕಿದ.

ಶಿಕ್ಷೆ ಕೊಡುವವನು ದೇವರಾದರೂ ಅವನನ್ನು ಲೆಕ್ಕ ಕೇಳಬಹುದೆಂದು ಮಹಾಭಾರತದ ಆದಿಪರ್ವ ಒಪ್ಪಿಕೊಂಡಿದೆ. ಹದಿಹರೆಯದವರು ಮನೆಯಲ್ಲಿ, ಶಾಲೆಯಲ್ಲಿ ಕೇಳುವುದೂ ಇದನ್ನೇ. ಹಿರಿಯರ ಕಿವಿಗೆ ಅದು ಎದುರುತ್ತರವಾಗಿ ಬೀಳುತ್ತದೆ.

ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ಗೋಲಿಯಾಡುವ ಹುಡುಗರನ್ನು ಮಾತಾಡಿಸಿದ್ದ. ಆಟದ ನಿಯಮ ಹಿರಿಯರಿಂದ ಬಂದದ್ದು, ಅದನ್ನು ಮುಟ್ಟಬಾರದು ಎಂದರು ಚಿಕ್ಕವರು. ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದರು ಹನ್ನೊಂದು ಹನ್ನೆರಡು ದಾಟಿದವರು. ಶಿಕ್ಷೆಯ ವಿಷಯದಲ್ಲೂ ಚಿಕ್ಕವರು ಕಠಿಣವಾದದ್ದನ್ನೇ ಸರಿಯೆನ್ನುತ್ತಿದ್ದರೆ, ದೊಡ್ಡವರು ತಪ್ಪಿಗೆ ತಕ್ಕುದನ್ನು ಹುಡುಕುತ್ತಿದ್ದರು.

ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ ಇನ್ನೂ ಮುಂದೆ ಹೋದ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ 1974ರಲ್ಲಿ ಆರಂಭವಾದ ಕ್ಲಸ್ಟರ್ ಸ್ಕೂಲ್‌ಗೆ ಅವನೇ ಸಲಹೆಗಾರ. ಅಲ್ಲಿ ನಿಯಮಗಳನ್ನು ಮಾಡುತ್ತಿದ್ದುದು ವಾರದ ಸಭೆ. ಮೇಷ್ಟ್ರಿಗೂ ಒಂದೇ ಓಟು, ವಿದ್ಯಾರ್ಥಿಗೂ ಒಂದೇ ಓಟು. ಕಳ್ಳತನವಾದಾಗ ಮೊದಮೊದಲು ಹುಡುಗರು ಅದನ್ನು ಕಳಕೊಂಡವರ ಗ್ರಹಚಾರವೆಂದು ಕೈತೊಳೆದುಕೊಳ್ಳುತ್ತಿದ್ದರು. ಮುಂದೊಮ್ಮೆ ಹುಡುಗಿಯೊಬ್ಬಳ ದುಡ್ಡು ಹೋಯಿತು. ಕದ್ದವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ನಮ್ಮ ನಡುವೆ ಹೀಗಾಗಿದ್ದರೆ ಅದು ನಮ್ಮೆಲ್ಲರ ತಪ್ಪು ಎಂಬ ಮಾತು ಸಭೆಯಲ್ಲಿ ಎದ್ದಿತು. ಚರ್ಚೆಯ ಕೊನೆಗೆ ತಲಾ 15 ಸೆಂಟ್ ಹಾಕಿ ಅವಳ ನಷ್ಟ ತುಂಬಿಕೊಡಲು ಅವರು ಒಪ್ಪಿದರು. ಕಳ್ಳನನ್ನು ಹಿಡಿದು ಬಡಿಯುವುದಕ್ಕಿಂತ ಮೊದಲು ಕಳಕೊಂಡವಳ ಕಡೆ ನೋಡಿದ ಈ ಮಕ್ಕಳ ನ್ಯಾಯಬುದ್ಧಿ ಯಮನ ಲೆಕ್ಕದ ಪುಸ್ತಕಕ್ಕಿಂತ ಎಷ್ಟೋ ದೊಡ್ಡದು.

ಭಾರತದ 2015ರ ಬಾಲನ್ಯಾಯ ಕಾಯ್ದೆ ಹದಿನಾರು ದಾಟಿದವರು ಘೋರ ಅಪರಾಧದ ಆರೋಪ ಹೊತ್ತಾಗ ಅವರನ್ನು ವಯಸ್ಕರಂತೆ ವಿಚಾರಣೆಗೊಳಪಡಿಸಲು ದಾರಿ ತೆರೆದಿದೆ. ಅದಕ್ಕೂ ಮುನ್ನ ಬಾಲನ್ಯಾಯ ಮಂಡಳಿ ಪರಿಶೀಲಿಸಬೇಕಾದ ಸಂಗತಿಗಳಲ್ಲಿ ಕೃತ್ಯದ ಪರಿಣಾಮ ಹುಡುಗನಿಗೆ ಅರ್ಥವಾಗುತ್ತಿತ್ತೇ ಎಂಬುದೂ ಒಂದು. ಕಾನೂನು ತನ್ನದೂ ಹೌದೆಂದು ಅವನಿಗೆ ಎಂದಾದರೂ ಅನಿಸಿತ್ತೇ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ಪಾಲನಾ ಸಂಸ್ಥೆಗಳಲ್ಲಿ ಮಕ್ಕಳ ಸಮಿತಿ ಇರಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ದಿನಚರಿ, ಊಟದ ಪಟ್ಟಿ ಮಾಡುವುದರಲ್ಲಿ ಅದಕ್ಕೂ ಪಾಲಿದೆ. ಕೋಣೆಯಲ್ಲಿ ಕಳುವಾದರೆ, ಇಬ್ಬರು ಹೊಡೆದಾಡಿಕೊಂಡರೆ ಏನು ಮಾಡಬೇಕೆಂಬ ಮಾತೂ ವಾರ್ಡನ್‌ಗಿಂತ ಮೊದಲು ಆ ಸಮಿತಿಯ ಮುಂದೆ ಬರಬೇಕು.