ಪ್ರೀತಿಗೆ ಸಮವಸ್ತ್ರ ಬೇಕೆ?

ಗಲ್ಫಿನಲ್ಲಿ ಬಹುಕಾಲ ದುಡಿದು ಬಂದ ನನ್ನ ಭಾವನಿಗೆ ಈಜಿಪ್ಟಿನ ಹಳೆಯ ಚಿತ್ರಗಳೆಂದರೆ ಪ್ರಾಣ. ಅವರ ಜತೆ ಕುಳಿತು ನೋಡಿದ ‘ರುದ್ದ ಕಲ್ಬಿ’ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ‘ನನ್ನ ಹೃದಯ ಮರಳಿಸು’ ಎಂದು ಅದರ ಅರ್ಥ. ಯೂಸುಫ್ ಸಿಬಾಯಿಯವರ ಕಾದಂಬರಿಯಿಂದ ಇಜ್ಜುದ್ದೀನ್ ಜುಲ್ಫಿಕಾರ್ 1957ರಲ್ಲಿ ಮಾಡಿದ ಚಿತ್ರ.

ಅರಮನೆಯ ತೋಟದ ಮಾಲಿಯ ಮಗ ಅಲಿ, ಒಡೆಯನ ಮಗಳು ಇಂಜಿ. ಜತೆಗೆ ಆಡಿ ಬೆಳೆದವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಮಗನಿಗೆ ಹೆಣ್ಣು ಕೇಳಲು ಹೋದ ಮಾಲಿ ಅವಮಾನಕ್ಕೆ ಕುಸಿದು ಮಾತನ್ನೇ ಕಳೆದುಕೊಳ್ಳುತ್ತಾನೆ. ಅಲಿ ಸೈನ್ಯಾಧಿಕಾರಿಯಾಗುತ್ತಾನೆ. 1952ರ ಜುಲೈಯಲ್ಲಿ ಸೈನ್ಯ ದೊರೆಯನ್ನು ಇಳಿಸುತ್ತದೆ. ಪಾಷಾ ಮೊದಲಾದ ಬಿರುದುಗಳು ರದ್ದಾಗುತ್ತವೆ. ಅದೇ ಸೆಪ್ಟೆಂಬರಿನ ಕಾನೂನು ಒಬ್ಬನ ಭೂಮಿಗೆ 200 ಫೆದ್ದಾನ್, ಅಂದರೆ ಸುಮಾರು 208 ಎಕರೆಯ ಮಿತಿ ಹಾಕುತ್ತದೆ. ಅರಮನೆಯ ಆಸ್ತಿಯನ್ನು ವಶಪಡಿಸಲು ಬಂದ ಅಧಿಕಾರಿ ಬೇರೆ ಯಾರೂ ಅಲ್ಲ, ಅಲಿಯೇ. ಪ್ರೇಮಿಗಳು ಒಂದಾಗುತ್ತಾರೆ.

ಭಾವ ಕಣ್ಣೊರಸಿಕೊಂಡರು. ನನಗೊಂದು ಪ್ರಶ್ನೆ ಉಳಿಯಿತು. ಅಲಿ ಮಾಲಿಯಾಗಿಯೇ ಉಳಿದಿದ್ದರೆ? ಯೂಸುಫ್ ಶಾಹೀನರ 1954ರ ‘ಸಿರಾ ಫಿಲ್ ವಾದಿ’ಯಲ್ಲೂ ಪಾಷಾನ ಮಗಳು ಒಲಿಯುವ ಬಡವರ ಮಗ ಆಗಲೇ ಎಂಜಿನಿಯರ್. ಅಲ್ಲಿಯೂ ದಂಡ ತೆರುವವನು ಹುಡುಗನ ತಂದೆ; ಮಾಡದ ಕೊಲೆಗೆ ನೇಣಿಗೇರುತ್ತಾನೆ. ಇಂಜಿಗೆ ಅಲಿಯ ಸಮವಸ್ತ್ರ ಬೇಕಿರಲಿಲ್ಲ. ಬೇಕಾದದ್ದು ಮನೆಯವರಿಗೆ, ಬಹುಶಃ ನೋಡುವ ನಮಗೂ.

ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡಿತು. ಒಕ್ಕಲಾಗಿದ್ದ ನನ್ನ ಅಪ್ಪನಿಗೆ ಭೂಮಿ ಸಿಕ್ಕಿತು. ಆದರೂ ಧಣಿಗಳ ಅಂಗಳದಲ್ಲಿ ಅವರು ನಿಂತೇ ಮಾತಾಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಾನು ಕಂಡಿದ್ದೇನೆ. ಕಾನೂನು ಭೂಮಿ ಕೊಟ್ಟೀತು. ‘ಕುಳಿತುಕೊಳ್ಳಿ’ ಎನ್ನಬೇಕಾದವರು ಮನುಷ್ಯರೇ.

ಕಳೆದ ವರ್ಷ ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವವರು ತಮ್ಮ ಮಗನಿಗೆ ನನ್ನ ಅಕ್ಕನ ಮಗಳನ್ನು ಕೇಳಲು ಬಂದರು. ಮಕ್ಕಳಿಬ್ಬರೂ ಮೆಚ್ಚಿಕೊಂಡಿದ್ದರು. ಚಿತ್ರ ನೋಡಿ ಕಣ್ಣೀರಿಟ್ಟ ಭಾವ ನೆಲ ನೋಡುತ್ತ ಕುಳಿತಿದ್ದರು. ಸೋದರಮಾವನಾದ ನಾನು ಮೊದಲು ಕೇಳಿದ್ದು, “ಹುಡುಗನಿಗೆ ಕೆಲಸ ಏನು?” ಕೇಳಬಾರದ ಪ್ರಶ್ನೆಯೇನಲ್ಲ. ಯೋಚಿಸಿ ಹೇಳುತ್ತೇವೆಂದು ಕಳುಹಿಸಿದೆವು.

ರಾತ್ರಿ ಬಡಿಸುವಾಗ ಅಮ್ಮ ಎಂದರು: “ಅವರು ಅಷ್ಟು ಹೊತ್ತೂ ನಿಂತೇ ಇದ್ದರಲ್ಲ, ಮಗಾ.”

ದಿನವಿಡೀ ಬ್ಯಾಂಕಿನಲ್ಲಿ ಬಂದವರನ್ನೆಲ್ಲ ಕುಳಿತುಕೊಳ್ಳಿ ಎನ್ನುವವನು ನಾನು. ಊಟ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಭಾವನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವರು ಹಾಸಿದ ಚಾಪೆಯಲ್ಲಿ ಕುಳಿತು, ಮಾತನ್ನು ಮೊದಲಿನಿಂದ ಆರಂಭಿಸಿದೆವು.